ಮೂರನೇ ಸಾಲಿನ ನಗು

ಅವಳು ನಗಬಾರದ ಜಾಗದಲ್ಲಿ ನಕ್ಕಳು.

ಅದು ನನ್ನ ನಾಲ್ಕನೇ ಸಿನಿಮಾ. ಎರಡು ಗಂಟೆಯ ಆ ಸಿನಿಮಾದಲ್ಲಿ ನಾನು ಯಾರನ್ನೂ ನಗಿಸಲು ಹೋಗದ ದೃಶ್ಯ ಒಂದೇ ಒಂದಿತ್ತು. ಇಡೀ ಹಾಲ್ ಗಪ್‌ಚುಪ್ಪಾಗಿತ್ತು. ಮೊದಲ ಸಾಲಿನ ದಪ್ಪ ಮೀಸೆಯವರು ಕರವಸ್ತ್ರ ಹುಡುಕುತ್ತಿದ್ದರು. ಅಷ್ಟರಲ್ಲಿ ಮೂರನೇ ಸಾಲಿನಿಂದ ತಡೆಯಲಾರದೆ ಸಿಡಿದ ಒಂದು ನಗು ಕೇಳಿಸಿತು.

ನಾನು ಕಾಮಿಡಿ ಸಿನಿಮಾಗಳ ನಿರ್ದೇಶಕ. ಬಿಡುಗಡೆಗೆ ಮುಂಚೆ ಚಿಕ್ಕ ಥಿಯೇಟರೊಂದರಲ್ಲಿ ಹೊರಗಿನವರನ್ನು ಕರೆದು ಸಿನಿಮಾ ತೋರಿಸುತ್ತೇನೆ. ಅಕ್ಕಪಕ್ಕದ ಅಂಗಡಿಯವರು, ಬ್ಯಾಂಕಿನವರು, ಅವರ ಮನೆಯವರು ಬರುತ್ತಾರೆ. ಅವರು ಪರದೆ ನೋಡುತ್ತಾರೆ, ನಾನು ಅವರನ್ನು ನೋಡುತ್ತೇನೆ. ಪರದೆಯ ಕೆಳಗೆ ಒಂದು ಸ್ಟೂಲ್ ಹಾಕಿಕೊಂಡು, ಪರದೆಗೆ ಬೆನ್ನು ಕೊಟ್ಟು, ಜನರ ಮುಖಕ್ಕೆ ಮುಖ ಮಾಡಿ ಕೂರುತ್ತೇನೆ. ಯಾವ ಮಾತಿಗೆ ಯಾರ ಹಲ್ಲು ಕಂಡಿತು, ಯಾರು ಆಕಳಿಸಿದರು, ಯಾರು ಮೊಬೈಲ್ ತೆಗೆದರು ಎಂಬುದನ್ನೆಲ್ಲ ನೋಡಿಕೊಂಡು ಆಮೇಲೆ ಕತ್ತರಿ ಹಿಡಿಯುವುದು ನನ್ನ ಕ್ರಮ. ಬೇರೆ ನಿರ್ದೇಶಕರು ಇದಕ್ಕೆ ಮೂಗು ಮುರಿಯುತ್ತಾರೆ. ಮುರಿಯಲಿ, ಅವರ ಮೂಗು.

ಶೋ ಮುಗಿದ ಮೇಲೆ ಮೆಟ್ಟಿಲ ಬಳಿ ಅವಳನ್ನು ಅಡ್ಡಗಟ್ಟಿದೆ. ತೆಳು ಫ್ರೇಮಿನ ಕನ್ನಡಕ, ಹೆಗಲಿಗೆ ಬಟ್ಟೆಯ ಚೀಲ. ಮೂವತ್ತೈದರ ಆಸುಪಾಸಿನವಳು.

"ಮೇಡಂ, ಒಂದ್ನಿಮಿಷ. ಆ ಹಲ್ಲಿನ ಸೀನಲ್ಲಿ ಯಾಕೆ ನಕ್ರಿ?"

"ಯಾವ ಹಲ್ಲಿನ ಸೀನು?"

ನನಗೆ ಮೈಯೆಲ್ಲ ಉರಿಯಿತು. "ಮಗ ಮನೆ ಬಿಟ್ಟು ಹೊರಡ್ತಾನಲ್ಲ, ಅಪ್ಪ ಹಲ್ಲಿನ ಅಚ್ಚು ಹಿಡ್ಕೊಂಡಿರ್ತಾರಲ್ಲ, ಅದು."

"ಓ, ಆವಾಗ್ಲಾ? ನಗು ಬಂತು, ನಕ್ಕೆ." ಅವಳು ತುಟಿ ಬಿಗಿ ಹಿಡಿದು ನನ್ನ ಮುಖವನ್ನೇ ನೋಡಿದಳು. ಕಣ್ಣಲ್ಲಿ ಇನ್ನೂ ನಗು ಬಾಕಿ ಇತ್ತು. "ನಗಬಾರ್ದಿತ್ತಾ? ಪಾಸಿನ ಮೇಲೆ ಹಾಸ್ಯ ಚಿತ್ರ ಅಂತ ಹಾಕಿತ್ತಲ್ಲ."

"ಹಾಸ್ಯ ಅಂದ್ರೆ ಕಂಡಕಂಡಲ್ಲೆಲ್ಲ ನಗೋದಲ್ಲ."

"ಹಾಗಾದ್ರೆ ಮುಂದಿನ ಸಲ ಎಲ್ಲಿ ನಗಬೇಕು ಅಂತ ಪಾಸಿನ ಹಿಂದೆ ಬರ್ಸಿಬಿಡಿ ಡೈರೆಕ್ಟರ್ರೇ," ಎಂದು ಹೇಳಿ ಅವಳು ರಸ್ತೆ ದಾಟಿ ಹೋದಳು. ಎದುರಿನ ಕನ್ನಡಕದ ಅಂಗಡಿಯ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ನಡೆದಾಗ ಗೊತ್ತಾಯಿತು, ಆ ಅಂಗಡಿ ಅವಳದ್ದು.

ಅಷ್ಟು ಸಣ್ಣ ವಿಷಯಕ್ಕೆ ಇಷ್ಟು ಉರಿ ಯಾಕೆ ಎಂದರೆ ಸ್ವಲ್ಪ ಹಿಂದಿನದು ಹೇಳಬೇಕಾಗುತ್ತದೆ.

ನನ್ನ ಅಪ್ಪ ಕಟ್ಟುಹಲ್ಲು ಮಾಡುತ್ತಿದ್ದ. ದಂತವೈದ್ಯರು ಬಾಯಿಯ ಅಳತೆ ತೆಗೆದು ಕಳಿಸುತ್ತಿದ್ದರು, ಅಪ್ಪ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಹಲ್ಲು ಕೂರಿಸುತ್ತಿದ್ದ. ಕೋಣೆಯ ಶೆಲ್ಫುಗಳ ತುಂಬ ಬಿಳಿ ಅಚ್ಚುಗಳು, ಊರಿನವರೆಲ್ಲರ ದವಡೆಗಳು. ಎಲ್ಲವೂ ಹಲ್ಲು ಕಿರಿದುಕೊಂಡಿರುತ್ತಿದ್ದವು. ಅಪ್ಪ ಮಾತ್ರ ನಗುತ್ತಿರಲಿಲ್ಲ. ಬೈಯುತ್ತಲೂ ಇರಲಿಲ್ಲ. ಸುಮ್ಮನೆ ತಲೆ ತಗ್ಗಿಸಿ ಕೆಲಸ ಮಾಡುವ ಮನುಷ್ಯ. ನಾನು ಎರಡು ಅಚ್ಚು ತೆಗೆದುಕೊಂಡು ಟಕಟಕ ಬಡಿಸುತ್ತ, ಮುದುಕಿಯ ದನಿಯಲ್ಲಿ, ಪೊಲೀಸಿನವನ ದನಿಯಲ್ಲಿ ಅವುಗಳಿಂದ ಮಾತಾಡಿಸುತ್ತಿದ್ದೆ. ಅಕ್ಕ ಹೊಟ್ಟೆ ಹಿಡಿದುಕೊಂಡು ಬೀಳುತ್ತಿದ್ದಳು. ಅಪ್ಪ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಸಿನಿಮಾಕ್ಕೆ ಸೇರುತ್ತೇನೆ ಎಂದು ಬ್ಯಾಗು ಹಿಡಿದು ನಿಂತ ದಿನ ಅಪ್ಪ ನನ್ನ ಕಡೆ ತಿರುಗಲಿಲ್ಲ. ಮೇಜಿನ ಮೇಲಿದ್ದ ಒಂದು ಜೊತೆ ಅಚ್ಚು ಎತ್ತಿ, ಹಿಂದಕ್ಕೆ ಚಾಚಿ, ಎರಡು ಸಲ ಅವುಗಳ ಬಾಯಿ ಆಡಿಸಿ, ಮುದುಕಿಯ ದನಿಯಲ್ಲಿ "ಹೋಗಿ ಬಾರಪ್ಪಾ" ಎಂದ. ನನ್ನದೇ ಆಟ. ಅವನು ಅದನ್ನೆಲ್ಲ ಕೇಳಿಸಿಕೊಂಡಿದ್ದ ಎಂದು ಆವತ್ತೇ ತಿಳಿದದ್ದು. ನನ್ನ ಯಾವ ಸಿನಿಮಾವನ್ನೂ ನೋಡುವವರೆಗೆ ಅಪ್ಪ ಉಳಿಯಲಿಲ್ಲ. ಆ ದಿನವನ್ನೇ ಈ ಸಿನಿಮಾದಲ್ಲಿ ಇಟ್ಟಿದ್ದೆ. ಅವಳು ನಕ್ಕದ್ದು ಆ ದೃಶ್ಯಕ್ಕೆ.

ಇನ್ನೊಂದು ಕಾರಣವೂ ಇದೆ. ನಾನು ಕಾಮಿಡಿ ನಿರ್ದೇಶಕ ಆಗಬೇಕೆಂದು ಆದವನಲ್ಲ. ಅಳುಬುರುಕ ಸಿನಿಮಾಗಳಲ್ಲಿ ಸಹಾಯಕನಾಗಿ, ನಾಯಕಿಯರ ಕಣ್ಣಿಗೆ ಗ್ಲಿಸರಿನ್ ಹಾಕುತ್ತ ವರ್ಷಗಟ್ಟಲೆ ಕಳೆದವನು. ನನ್ನ ಮೊದಲ ಸಿನಿಮಾ ದುರಂತ ಕಥೆ. ನಾಯಕ ಸಾಯುವಾಗ ಥಿಯೇಟರು ಬಿದ್ದು ಬಿದ್ದು ನಕ್ಕಿತು. ನಾನು ಹಿಂದಿನ ಸಾಲಿನಲ್ಲಿ ಬೆವರುತ್ತಿದ್ದೆ. ನಿರ್ಮಾಪಕರು ಬುದ್ಧಿವಂತರು. ಮರುದಿನವೇ ಪೋಸ್ಟರಿನ ಮೇಲೆ 'ಹೊಟ್ಟೆ ಹುಣ್ಣಾಗಿಸುವ ನಗೆಹಬ್ಬ' ಎಂದು ಅಂಟಿಸಿದರು. ಸಿನಿಮಾ ಓಡಿತು. ಅಲ್ಲಿಂದ ನಾನು ಹಾಸ್ಯದ ಮನುಷ್ಯನಾದೆ. ಜನ ಎಲ್ಲಿ ನಗುತ್ತಾರೆ ಎಂಬುದು ನನಗೆ ಮೊದಲೇ ಗೊತ್ತಿರಬೇಕು ಎಂಬ ಹಠ ಹುಟ್ಟಿದ್ದೂ, ಆ ಸ್ಟೂಲ್ ಬಂದದ್ದೂ ಆಗಲೇ. ಎರಡನೆಯ ಸಿನಿಮಾ ಗೆದ್ದಿತು, ಮೂರನೆಯದು ಮಕಾಡೆ ಮಲಗಿತು. ಈಗಿನದೂ ಮಲಗಿದರೆ ನನ್ನನ್ನು ಯಾರೂ ಎಬ್ಬಿಸುವವರಿಲ್ಲ.

"ಆ ಹಲ್ಲಿನ ಸೀನು ತೆಗೆದುಬಿಡಣ್ಣ," ಎಂದೆ ಎಡಿಟರಣ್ಣನಿಗೆ. ಅವನು ನನ್ನ ಗ್ಲಿಸರಿನ್ ಕಾಲದ ಗೆಳೆಯ. ವಯಸ್ಸಿನಲ್ಲಿ ದೊಡ್ಡವನು. ಎಡಿಟಿಂಗ್ ರೂಮಿನ ಏಸಿಗೆ ಹೆದರಿ ವರ್ಷವಿಡೀ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿರುತ್ತಾನೆ.

"ಎಲ್ಲಾ ಅತ್ರಲ್ಲೋ."

"ಒಬ್ಬಳು ನಕ್ಕಳು."

"ಒಬ್ಬಳು ನಕ್ಕಳು ಅಂತ ತೆಗೀತಾರಾ? ತಲೆ ಸರಿ ಇದೆಯಾ ನಿಂಗೆ?"

ಸರಿ ಇತ್ತೋ ಇಲ್ಲವೋ, ದೃಶ್ಯ ಹೋಯಿತು. ಮುಂದಿನ ವಾರದ ಶೋಗೆ ಅವಳಿಗೂ ಪಾಸ್ ಕಳಿಸಿದೆ. ಬಂದಳು, ಅದೇ ಮೂರನೇ ಸಾಲಿನಲ್ಲಿ ಕೂತಳು. ನನ್ನ ಕಣ್ಣು ಬೇರೆ ಕಡೆ ಹೋಗಲೇ ಇಲ್ಲ. ಅವಳ ಕನ್ನಡಕದ ಗಾಜುಗಳಲ್ಲಿ ನನ್ನ ಸಿನಿಮಾ ಪುಟ್ಟದಾಗಿ ಎರಡೆರಡು ಓಡುತ್ತಿತ್ತು. ಕಣ್ಣು ಕಾಣಿಸುತ್ತಿರಲಿಲ್ಲ. ಬಾಯಿ ಮಾತ್ರ ಕಾಣಿಸುತ್ತಿತ್ತು. ನನ್ನ ಅತಿ ದೊಡ್ಡ ಜೋಕಿಗೆ ಜನ ಹಾಲ್ ಕಿತ್ತುಹೋಗುವಂತೆ ನಕ್ಕಾಗ ಅವಳು ಸುಮ್ಮನಿದ್ದಳು. ನಾಯಕ ಬಾಗಿಲ ಬಳಿ ನಿಂತು ಬೀಗದ ಕೈ ಹುಡುಕುತ್ತಾನೆ, ಅಷ್ಟೇ, ಏನೂ ಇಲ್ಲದ ಜಾಗ. ಅಲ್ಲಿ ಕೈಯಿಂದ ಬಾಯಿ ಮುಚ್ಚಿಕೊಂಡು ಹೆಗಲು ಕುಣಿಸಿದಳು.

ನನಗೆ ತಲೆಬುಡ ಅರ್ಥವಾಗಲಿಲ್ಲ. ಬೀಗದ ಕೈ ಹುಡುಕುವುದರಲ್ಲಿ ನನಗೇ ಕಾಣದ ತಮಾಷೆ ಏನಿದೆ? ಎಡಿಟರಣ್ಣನ ಕಾಲು ಹಿಡಿದು ಆ ಜಾಗವನ್ನು ಎರಡರಷ್ಟು ಉದ್ದ ಮಾಡಿಸಿದೆ. ಮರುದಿನ ಮಧ್ಯಾಹ್ನ ಅವಳ ಅಂಗಡಿಯ ಗಾಜಿನ ಬಾಗಿಲು ತಳ್ಳಿದೆ.

"ಕಣ್ಣು ಸ್ವಲ್ಪ ಮಂಜು ಅನ್ಸುತ್ತೆ," ಎಂದೆ.

"ಎಷ್ಟು ದಿನದಿಂದ?"

"ನೀವು ನಕ್ಕ ದಿನದಿಂದ."

ಅವಳು ನಗಲಿಲ್ಲ. ಒಳಗಿನ ಚಿಕ್ಕ ಕೋಣೆಯಲ್ಲಿ ಕೂರಿಸಿ, ಮೂಗಿನ ಮೇಲೆ ಒಂದು ಭಾರದ ಕಬ್ಬಿಣದ ಫ್ರೇಮ್ ಏರಿಸಿದಳು. ಅದಕ್ಕೆ ಒಂದೊಂದೇ ಗಾಜು ಹಾಕುತ್ತ, ತೆಗೆಯುತ್ತ, ಎದುರಿನ ಅಕ್ಷರಗಳನ್ನು ಓದಿಸಿದಳು. ಅವಳ ಮುಖ ನನ್ನ ಮುಖಕ್ಕೆ ಗೇಣು ದೂರದಲ್ಲಿತ್ತು. ಬಲಹುಬ್ಬಿನ ಮೇಲೆ ಒಂದು ಚಿಕ್ಕ ಗಾಯದ ಗೆರೆ. ಕೈಯಿಂದ ಗಾಜು ಒರೆಸುವ ದ್ರಾವಣದ ವಾಸನೆ.

"ಈಗ ಚೆನ್ನಾಗಿ ಕಾಣುತ್ತಾ, ಅಥವಾ... ಈಗ?"

"ಮೊದಲನೇದು ಇನ್ನೊಂದ್ಸಲ."

"ಇದು?"

"ಎರಡನೇದು ಇನ್ನೊಂದ್ಸಲ."

"ಡೈರೆಕ್ಟರ್ರೇ, ಇದು ಶೂಟಿಂಗ್ ಅಲ್ಲ. ಟೇಕ್ ಮೇಲೆ ಟೇಕ್ ಕೊಡೋಕಾಗಲ್ಲ."

"ಎರಡೂ ಚೆನ್ನಾಗೇ ಇದೆ. ನಂಗೆ ಆರಿಸೋಕೆ ಬರಲ್ಲ."

"ಅದು ನಿಮ್ಮ ಕಣ್ಣಿನ ತೊಂದರೆ ಅಲ್ಲ," ಎಂದಳು. ಆ ಕಬ್ಬಿಣದ ಫ್ರೇಮ್ ತೆಗೆಯುವಾಗ ಅವಳ ಬೆರಳು ನನ್ನ ಕಿವಿಗೆ ತಾಗಿತು. ನಾನು ಕೇಳಬೇಕೆಂದುಕೊಂಡು ಬಂದ ಪ್ರಶ್ನೆ ಮರೆತುಹೋಯಿತು.

ಕಣ್ಣು ಸರಿಯಾಗಿಯೇ ಇತ್ತು. ಆದರೂ ಫ್ರೇಮ್ ಆರಿಸಲು ಹೋದೆ, ಆರಿಸಿದ ಫ್ರೇಮ್ ಬದಲಿಸಲು ಹೋದೆ, ಬದಲಿಸಿದ್ದರ ತಿರುಪು ಸಡಿಲವಾಗಿದೆ ಎಂದು ಹೋದೆ. ತಿರುಪು ಸಡಿಲ ಮಾಡಿದವನು ನಾನೇ ಎಂದು ಅವಳಿಗೆ ಗೊತ್ತಿತ್ತು ಎಂದು ಕಾಣುತ್ತದೆ. ಸಣ್ಣ ತಿರುಪುಳಿ ಹಿಡಿದು ಬಿಗಿ ಮಾಡುತ್ತ, ತಲೆ ಎತ್ತದೆ, "ಇಷ್ಟೊಂದು ಉಗುರು ಗೀಚಿದ ಗುರುತು ಹೇಗೆ ಬಂತೋ ಪಾಪ," ಎನ್ನುತ್ತಿದ್ದಳು. ಚಹಾ ತರಿಸುತ್ತಿದ್ದಳು. ಅವಳ ತಾಯಿ ತೀರಿಕೊಂಡದ್ದು, ನರ್ಸಿಂಗ್ ಓದಲು ಹೋಗಿ ಅರ್ಧಕ್ಕೆ ಬಿಟ್ಟದ್ದು, ಚಿಕ್ಕಪ್ಪನ ಅಂಗಡಿ ತನ್ನ ಕೈಗೆ ಬಂದದ್ದು, ಎಲ್ಲ ಹೇಳಿದಳು. ಸಿನಿಮಾದ ಮಾತು ಎತ್ತಿದರೆ ಮಾತ್ರ ಹಾರಿಸಿಬಿಡುತ್ತಿದ್ದಳು.

ಮನೆಯಲ್ಲಿ ನನ್ನ ಅಡ್ಡಹೆಸರು ಗುಮ್ಮ. ಮಾತು ಕಡಿಮೆ, ಮುಖ ಯಾವಾಗಲೂ ಗಂಟು. ಅಕ್ಕ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, "ಗುಮ್ಮಾ, ನಿಂಗೆ ಆ ಹುಡುಗಿ ಇಷ್ಟ ಆಗಿದಾಳೆ ಕಣೋ," ಎಂದಳು.

"ಇಲ್ಲಕ್ಕ, ಇದು ಕೆಲಸದ ವಿಷಯ. ಅವಳ ನಗು ಅರ್ಥ ಆದ್ರೆ ಸಿನಿಮಾ ಉಳಿಯುತ್ತೆ."

"ಕೆಲಸದ ವಿಷಯಕ್ಕೆ ಇಸ್ತ್ರಿ ಮಾಡಿದ ಶರ್ಟ್ ಯಾಕೋ?"

ನಿಜವಾಗಿಯೂ ನನಗೆ ಗೊತ್ತಿರಲಿಲ್ಲ. ಅವಳು ನಕ್ಕರೆ ಸಿನಿಮಾ ಗೆಲ್ಲುತ್ತದೆ ಎಂದು ಅವಳ ನಗು ಬೇಕಿತ್ತೋ, ಅವಳು ನಗಬೇಕೆಂದೇ ಈ ಸಿನಿಮಾ ಬೇಕಿತ್ತೋ? ಬೆಳಿಗ್ಗೆ ಒಂದು ಅನ್ನಿಸುತ್ತಿತ್ತು, ಮಧ್ಯಾಹ್ನ ಅವಳ ಅಂಗಡಿಯಿಂದ ಹೊರಗೆ ಬರುವಾಗ ಇನ್ನೊಂದು.

ಅಷ್ಟರಲ್ಲಿ ಸಿನಿಮಾ ಗುರುತು ಸಿಗದಂತಾಗಿತ್ತು. ಮುಂದಿನ ಶೋನಲ್ಲಿ ಬೀಗದ ಕೈ ಹುಡುಕುವ ದೃಶ್ಯ ಮುಗಿಯುವುದೇ ಇಲ್ಲ. ಜನ ಗಡಿಯಾರ ನೋಡಿಕೊಂಡರು. ಒಬ್ಬರು ಗೊರಕೆ ಹೊಡೆದರು. ಮೂರನೇ ಸಾಲಿನಲ್ಲಿ ಅವಳೊಬ್ಬಳೇ ಕಣ್ಣೀರು ಬರುವಂತೆ ನಗುತ್ತಿದ್ದಳು, ಅದೂ ಪ್ರತಿ ಸಲ ಹೊಸ ಹೊಸ ಜಾಗದಲ್ಲಿ. ಹಿಂದಿನ ಬಾಗಿಲಲ್ಲಿ ನಿಂತಿದ್ದ ನಿರ್ಮಾಪಕರು ಹೊರಗೆ ಕರೆದು, ಮುಂದಿನ ಸೋಮವಾರ ಸಿನಿಮಾ ಕೊಡದಿದ್ದರೆ ಬೇರೆಯವರ ಕೈಯಲ್ಲಿ ಮುಗಿಸಿ ನನ್ನ ಹೆಸರು ತೆಗೆದು ಬಿಡುಗಡೆ ಮಾಡುವುದಾಗಿ ಸಮಾಧಾನವಾಗಿಯೇ ಹೇಳಿದರು. ಅವರು ಸಮಾಧಾನವಾಗಿ ಹೇಳಿದ್ದನ್ನು ಮಾಡದೆ ಬಿಟ್ಟದ್ದನ್ನು ನಾನು ಕಂಡಿಲ್ಲ.

ಎಡಿಟರಣ್ಣ ಮಫ್ಲರ್ ಬಿಚ್ಚಿ ಮೇಜಿನ ಮೇಲೆ ಎಸೆದ. "ಈಗಾದ್ರೂ ಹೇಳು. ನಾವಿಲ್ಲಿ ಸಿನಿಮಾ ಎಡಿಟ್ ಮಾಡ್ತಿದೀವೋ, ನಿನ್ನ ಮದುವೆ ಮಾತುಕತೆ ನಡೆಸ್ತಿದೀವೋ? ಯಾವುದಾದ್ರೂ ಒಂದು ಮಾಡೋಣ."

ನಾನು ನೇರ ಅಂಗಡಿಗೆ ಹೋದೆ. ಅವಳು ಯಾರದೋ ಕನ್ನಡಕದ ಕಡ್ಡಿ ಕೂರಿಸುತ್ತಿದ್ದಳು.

"ಶನಿವಾರ ಕೊನೇ ಶೋ. ನೀವು ಬರಲೇಬೇಕು," ಎಂದೆ.

"ಯಾಕೆ ಬರಬೇಕು?" ಕೇಳಿದ ರೀತಿಯಲ್ಲಿ ಏನೋ ಒಂದು ನಿರೀಕ್ಷೆ ಇತ್ತು. ಆಗ ನನಗೆ ಅದು ಕಾಣಲಿಲ್ಲ.

"ನೀವು ನಕ್ಕರೆ ಗೊತ್ತಾಗುತ್ತೆ. ಎಲ್ಲಿ ಕಟ್ ಮಾಡಬೇಕು, ಎಲ್ಲಿ ಬಿಡಬೇಕು ಅಂತ."

ಅವಳ ಕೈ ನಿಂತಿತು. "ಅಂದ್ರೆ ಇಷ್ಟು ದಿನ ಇಲ್ಲಿಗೆ ಬರ್ತಿದ್ದದ್ದು ಅದಕ್ಕಾ?"

"ಅದಕ್ಕೇ... ಅದಕ್ಕೆ ಮಾತ್ರ ಅಲ್ಲ... ಸಿನಿಮಾ ಒಂದು ಮುಗಿದ್ರೆ..."

"ನಾನೇನು ನಿಮ್ಮ ಸಿನಿಮಾದ ಜ್ವರ ನೋಡೋ ಥರ್ಮಾಮೀಟರಾ?" ಅವಳು ಕನ್ನಡಕವನ್ನು ಮೆತ್ತಗೆ ಕೆಳಗಿಟ್ಟಳು. "ಕೇಳಿ ಡೈರೆಕ್ಟರ್ರೇ. ಸಿನಿಮಾ ಹಾಳಾದ್ರೆ ನನ್ನ ತಲೆಗೆ ಕಟ್ಟಬೇಡಿ. ನಾನು ನಿಮ್ಮ ಸಿನಿಮಾನೇ ನೋಡಿಲ್ಲ."

"ಏನು? ಎಲ್ಲಾ ಶೋಗೂ ಬಂದಿದೀರಿ."

"ಬಂದಿದೀನಿ. ನಿಮ್ಮನ್ನ ನೋಡೋಕೆ."

ನಾನು ಇಂಗು ತಿಂದ ಮಂಗನಂತೆ ನಿಂತೆ.

"ಪರದೆ ಕೆಳಗೆ ಕೂತ್ಕೊಂಡು ನೀವೇನು ಮಾಡ್ತೀರಿ ಅಂತ ನಿಮಗೆ ಗೊತ್ತೇ ಇಲ್ವಾ?" ಎಂದಳು. "ಎಲ್ಲರ ಡೈಲಾಗೂ ತುಟಿಯಲ್ಲೇ ಹೇಳ್ತೀರಿ, ನಾಯಕಿದೂ ಸೇರಿಸಿ. ಅವಳು ಸಿಟ್ಟು ಮಾಡ್ಕೊಂಡು ತಲೆ ಕೊಡವಿದ್ರೆ ನೀವೂ ಕೊಡವ್ತೀರಿ. ಅವನು ಬೀಗದ ಕೈ ಹುಡುಕಿದ್ರೆ ನೀವು ನಿಮ್ಮ ಜೇಬೆಲ್ಲ ತಡಕ್ತೀರಿ. ಆಮೇಲೆ ಇಡೀ ಹಾಲ್ ನಗುವಾಗ ಮಾತ್ರ ಹಲ್ಲು ಕಡ್ಕೊಂಡು, ಯಾರೋ ಸಾಲ ವಸೂಲಿಗೆ ಬಂದಿರೋ ಥರ ನಮ್ಮನ್ನ ದಿಟ್ಟಿಸ್ತೀರಿ. ನಗದೆ ಏನು ಮಾಡ್ಲಿ?"

"ಆ ಮೊದಲನೇ ದಿನ?"

"ಮೊದಲನೇ ದಿನ ಎಲ್ಲರೂ ಸುಮ್ಮನಿದ್ರು. ನಿಮ್ಮ ಕೈ ಹೀಗೆ ಮೇಲಕ್ಕೆ ಬಂತು." ಅವಳು ಬೆರಳುಗಳನ್ನು ಹೆಬ್ಬೆರಳಿಗೆ ಜೋಡಿಸಿ, ಎರಡು ಸಲ ತೆರೆದು ಮುಚ್ಚಿದಳು. "ಏನೋ ಗೊಣಗಿದ್ರಿ. ಇಷ್ಟು ಗಡವ ಮನುಷ್ಯ, ಚಿಕ್ಕ ಹುಡುಗನ ಥರ. ನಗು ತಡೆಯೋಕಾಗ್ಲಿಲ್ಲ."

ನನ್ನ ಕೈ ಹಾಗೆ ಎದ್ದದ್ದು ನನಗೆ ಗೊತ್ತಿರಲಿಲ್ಲ.

"ಆಮೇಲೆ ಮೆಟ್ಟಿಲ ಹತ್ರ ಬಂದು ಯಾಕೆ ನಕ್ರಿ ಅಂತ ಕೇಳಿದ್ರಿ. ಮತ್ತೆ ಪಾಸ್ ಕಳಿಸಿದ್ರಿ. ಮತ್ತೆ ನನ್ನನ್ನೇ ನೋಡ್ತಾ ಕೂತ್ರಿ. ನಾನು ಏನಂತ ತಿಳ್ಕೊಬೇಕು ಹೇಳಿ? ಇವರಿಗೆ ಗೊತ್ತು, ನನಗೋಸ್ಕರನೇ ಹೀಗೆ ಆಡ್ತಾರೆ ಅಂದ್ಕೊಂಡೆ. ತಿರುಪು ಸಡಿಲ ಮಾಡ್ಕೊಂಡು ಬಂದಾಗಂತೂ..." ಅಲ್ಲಿಗೆ ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿಕೊಂಡಳು. "ನನಗೇ ಬುದ್ಧಿ ಇಲ್ಲ. ಹೋಗಿ, ಗಿರಾಕಿ ಬರ್ತಿದಾರೆ."

ನಿಜವಾಗಿಯೂ ಗಿರಾಕಿ ಬಂದರು. ನಾನು ಹೊರಗೆ ಬಂದು ರಸ್ತೆ ದಾಟುವುದನ್ನು ಮರೆತು ನಿಂತಿದ್ದೆ. ಒಂದೇ ಸಲಕ್ಕೆ ಎರಡು ವಿಷಯ ಗೊತ್ತಾಗಿದ್ದವು. ಅವಳು ನೋಡದೇ ಇದ್ದ ಸಿನಿಮಾವನ್ನು ನಾನು ಅವಳ ನಗುವಿಗೆ ಹೊಂದಿಸಿ ಹೊಂದಿಸಿ ಹಾಳು ಮಾಡಿದ್ದೆ. ಮತ್ತು ಅದರ ಬಗ್ಗೆ ನನಗೆ ಎಳ್ಳಷ್ಟೂ ಬೇಜಾರಿರಲಿಲ್ಲ. ಬೇಜಾರು ಇದ್ದದ್ದು ಅವಳ ಕೊನೆಯ ಮಾತಿನದು. ಅಕ್ಕ ಹೇಳಿದ್ದು ಸರಿ ಎಂದು ಆಗ ಒಪ್ಪಿಕೊಂಡೆ, ಟ್ರಾಫಿಕ್ಕಿನ ಮಧ್ಯೆ.

"ಎಲ್ಲಾ ವಾಪಸ್ ಹಾಕಣ್ಣ," ಎಂದೆ ಎಡಿಟರಣ್ಣನಿಗೆ. "ಮೊದಲನೇ ದಿನ ಹೇಗಿತ್ತೋ ಹಾಗೆ. ಹಲ್ಲಿನ ಸೀನೂ."

ಅವನು ನನ್ನ ಮುಖ ನೋಡಿದ, ಕೆಲಸ ಶುರುಮಾಡಿದ. ಸ್ವಲ್ಪ ಹೊತ್ತಿನ ಮೇಲೆ "ಅವಳು ಏನಂದ್ಲು?" ಎಂದ.

"ಹೋಗಿ ಅಂದ್ಲು."

"ಬರಬೇಡಿ ಅನ್ನಲಿಲ್ವಲ್ಲ," ಎಂದು ಮಫ್ಲರ್ ಮತ್ತೆ ಸುತ್ತಿಕೊಂಡ.

ಶನಿವಾರ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ ನಿಂತೆ. "ಮಧ್ಯಾಹ್ನ ಬನ್ನಿ. ನಗಿ, ನಗಬೇಡಿ, ನಿದ್ದೆ ಮಾಡಿ. ಸಿನಿಮಾ ಮುಗಿದಿದೆ, ಇನ್ನು ಒಂದು ಫ್ರೇಮೂ ಮುಟ್ಟಲ್ಲ. ನೀವು ಏನು ಮಾಡಿದ್ರೂ ಅದಕ್ಕೆ ಏನೂ ಆಗಲ್ಲ. ಸುಮ್ನೆ ಬನ್ನಿ."

ಅವಳು ಬೀಗ ತೆರೆಯುತ್ತಲೇ, "ನೋಡೋಣ," ಎಂದಳು.

ದೀಪ ಆರಿತು, ಅವಳು ಬರಲಿಲ್ಲ. ಮೊದಲ ಜೋಕಿಗೆ ಜನ ನಕ್ಕರು, ನನಗೆ ಕೇಳಿಸಲಿಲ್ಲ. ಬಾಗಿಲು ತೆರೆದು ಬೆಳಕು ಬಿದ್ದಾಗ ತಿರುಗಿ ನೋಡಿದೆ. ಅವಳು ನಡುದಾರಿಯಲ್ಲಿ ನಿಂತು ಪರದೆಯ ಕೆಳಗೆ ಹುಡುಕುತ್ತಿದ್ದಳು. ಅಲ್ಲಿ ಯಾರೂ ಇರಲಿಲ್ಲ. ವಾಪಸು ಹೋಗುವವಳಂತೆ ತಿರುಗಿದಳು.

"ಇಲ್ಲಿ," ಎಂದೆ ಮೂರನೇ ಸಾಲಿನಿಂದ.

ಬಂದು ಪಕ್ಕದಲ್ಲಿ ಕೂತಳು. ಚೀಲವನ್ನು ನಮ್ಮಿಬ್ಬರ ನಡುವೆ ಇಟ್ಟಳು. "ಇವತ್ತು ನಾನು ಯಾರನ್ನ ನೋಡ್ಲಿ?" ಎಂದು ಪಿಸುಗುಟ್ಟಿದಳು.

"ಸಿನಿಮಾ ನೋಡಿ. ನಿಮಗೆ ಅದರಲ್ಲಿ ಯಾರೂ ಪರಿಚಯ ಇಲ್ಲ."

ನೋಡಿದಳು. ಎಲ್ಲರ ಜೊತೆ ನಕ್ಕಳು, ಎಲ್ಲರ ಜೊತೆ ಸುಮ್ಮನಾದಳು. ಪಕ್ಕದಲ್ಲಿ ಕೂತವನಿಗೆ ಅವಳ ಮುಖ ಅರ್ಧವೇ ಕಾಣುತ್ತಿತ್ತು. ಏನಾಗುತ್ತಿದೆ ಎಂದು ತಿಳಿಯದೆ ನಾನು ಒದ್ದಾಡಿದೆ. ಹಲ್ಲಿನ ದೃಶ್ಯ ಬಂತು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೆ. ಮುದುಕಿಯ ದನಿಯಲ್ಲಿ ಆ ಮಾತು ಬಂದು ಹೋಯಿತು. ಅವಳು ಬಗ್ಗಿ ನಾನು ಒತ್ತಿಕೊಂಡಿದ್ದ ಕೈಗಳನ್ನು ನೋಡಿದಳು.

"ನಿಮ್ಮಪ್ಪನಾ?" ಎಂದಳು.

"ಹೂಂ."

"ನಾನು ನಗಬಾರ್ದಿತ್ತು."

"ಇಲ್ಲ. ಯಾರಾದ್ರೂ ನಗಲಿ ಅಂತಲೇ ಅಪ್ಪನ ಆಸೆ ಇತ್ತು ಅಂತ ಕಾಣುತ್ತೆ. ಯಾರೂ ನಗಲಿಲ್ಲ, ನಾನೂ ಆವತ್ತು ನಗಲಿಲ್ಲ."

ಅವಳು ನಡುವಿನ ಚೀಲ ತೆಗೆದು ಕಾಲ ಬಳಿ ಇಟ್ಟಳು. ಅಷ್ಟರಲ್ಲಿ ನನ್ನ ಅತಿ ದೊಡ್ಡ ಜೋಕು ಬಂತು. ಹಾಲ್ ಕಿತ್ತುಹೋಯಿತು. ಆ ಗದ್ದಲದಲ್ಲಿ ಹೇಳಿದರೆ ಕೇಳಿಸಿದರೂ ಆಯಿತು, ಕೇಳಿಸದಿದ್ದರೂ ಆಯಿತು ಎಂಬ ಹೇಡಿ ಧೈರ್ಯ ಬಂತು.

"ನಂಗೆ ನೀವು ಇಷ್ಟ," ಎಂದೆ. "ಸಿನಿಮಾಕ್ಕಲ್ಲ. ನಂಗೆ."

ಅವಳು ನಗಲಿಲ್ಲ. ಮುಗುಳ್ನಗೆಯೂ ಇಲ್ಲ. ಪರದೆಯನ್ನೇ ನೋಡುತ್ತಿದ್ದಳು. ಹೇಳಿದ ಮಾತಿಗೆ ಎದುರಿನವರ ಮುಖ ಅಲುಗದಿದ್ದರೆ ಅದು ಸೋತಿತು ಎಂದೇ ನನ್ನ ಲೆಕ್ಕ. ಬೇರೆ ಲೆಕ್ಕ ನನಗೆ ಬರುವುದಿಲ್ಲ.

"ಅಂದ್ರೆ... ಡೈಲಾಗ್ ಸ್ವಲ್ಪ ಎಳೆದ ಹಾಗಾಯ್ತು ಅಂತ ಕಾಣುತ್ತೆ," ಎಂದೆ. "ಬೇಕಾದ್ರೆ ಆ ಜಾಗ ತೆಗೆದುಬಿಡೋಣ. ಅಥವಾ ಅಲ್ಲೊಂದು ಬಾಳೆಹಣ್ಣಿನ ಸಿಪ್ಪೆ ಹಾಕಿ, ನಾನು ಜಾರಿ..."

"ಸುಮ್ನಿರಿ."

"ನೀವು ನಗಲಿಲ್ಲ."

"ನಗೋ ಮಾತಾ ಅದು?" ಅವಳು ತಿರುಗಿದಳು. ಪರದೆ ಪಕ್ಕಕ್ಕಿತ್ತು, ಗಾಜಿನಲ್ಲಿ ಸಿನಿಮಾ ಇರಲಿಲ್ಲ, ಕಣ್ಣುಗಳು ಮಾತ್ರ ಕಾಣುತ್ತಿದ್ದವು. "ಇಷ್ಟು ದಿನದಲ್ಲಿ ನಿಮ್ಮನ್ನ ನೋಡಿ ನಗು ಬರದೆ ಇದ್ದದ್ದು ಇದೇ ಮೊದಲು. ಅದನ್ನೂ ಹಾಳು ಮಾಡ್ತೀರಲ್ಲ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಗುವಷ್ಟರಲ್ಲಿ ಅವಳ ಕೈ ನನ್ನ ತೊಡೆಯ ಕೆಳಗೆ ಸಿಕ್ಕಿಕೊಂಡಿದ್ದ ಕೈಯನ್ನು ಹೊರಗೆ ಎಳೆದು ಹಿಡಿದುಕೊಂಡಿತ್ತು.

"ಹಾಗಾದ್ರೆ ನೀವೂ..." ಎಂದೆ, ಸ್ವಲ್ಪ ಜೋರಾಗಿಯೇ.

ಹಿಂದಿನ ಸಾಲಿನಿಂದ ಯಾರೋ ನನ್ನ ಬೆನ್ನು ತಟ್ಟಿದರು. "ರೀ, ಮಾತಾಡೋದಾದ್ರೆ ಹೊರಗೆ ಹೋಗಿ. ಸಿನಿಮಾ ನೋಡೋಕೆ ಬಿಡ್ರೀ."

ನಾನು ಕ್ಷಮಿಸಿ ಎಂದೆ. ಅವಳು ಹತ್ತಿರಕ್ಕೆ ಬಾಗಿದಳು. "ನನ್ನ ಉತ್ತರ ಉದ್ದ ಇದೆ, ಇಲ್ಲಿ ಬೈತಾರೆ," ಎಂದು ಕಿವಿಯಲ್ಲಿ ಹೇಳಿದಳು. "ಮುಗಿದ ಮೇಲೆ ಆ ಮಾತು ಇನ್ನೊಂದ್ಸಲ ಹೇಳಿ. ಹೀಗೇ. ಜೋಕ್ ಸೇರಿಸ್ಬೇಡಿ."